ಒಂದೂವರೆ ವೋಲ್ಟಿನ ಧೈರ್ಯ

ಏಳನೇ ಕ್ಲಾಸಿನ ಸುಚಿತ್ರಾ ಯಾವ ಸ್ವಿಚ್ಚನ್ನೂ ಬೆರಳಿನಿಂದ ಒತ್ತುತ್ತಿರಲಿಲ್ಲ. ತರಗತಿಯ ಫ್ಯಾನು ಹಾಕಬೇಕೆಂದರೂ ಮರದ ಸ್ಕೇಲು ತಂದು, ಅದರ ತುದಿಯಿಂದ ತಳ್ಳುತ್ತಿದ್ದಳು. ತೊಣ್ಣೂರಿನ ಹತ್ತಿರದ ಆ ಶಾಲೆಗೆ ನಾನು ವಿಜ್ಞಾನ ಕಲಿಸಲು ಹೊಸದಾಗಿ ಸೇರಿದ್ದೆ. ಯಾಕೆ ಹೀಗೆ ಅಂತ ಕೇಳಲು ನನಗೆ ಸಂಕೋಚ. ಪಕ್ಕದ ಹುಡುಗಿಯೇ ಹೇಳಿದಳು, "ಅವ್ರಪ್ಪ ಮೋಟ್ರು ಆನ್ ಮಾಡಕ್ಕೋಗಿ ಕರೆಂಟ್ ಹೊಡ್ದು ತೀರ್ಕಂಡ್ರು ಮಿಸ್."

ವಿಜ್ಞಾನ ಪ್ರದರ್ಶನಕ್ಕೆ ಸರ್ಕ್ಯೂಟ್ ಮಾಡುವ ಕೆಲಸವನ್ನು ಅವಳಿಗೇ ಕೊಟ್ಟೆ. ಒಂದು ಟಾರ್ಚ್ ಸೆಲ್ಲು, ಪುಟ್ಟ ಬಲ್ಬು, ಎರಡು ತುಂಡು ವೈರು. ಬರಿಗೈಯಲ್ಲೇ ವೈರು ಹಿಡಿಸಿ, "ನೋಡು, ಏನೂ ಆಗಲ್ಲ" ಅಂದೆ. ಬಲ್ಬು ಹತ್ತಿತು. "ಇಷ್ಟೇಯಾ ಮಿಸ್?" ಅಂತ ಜೋರಾಗಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಅವಳ ತಾಯಿ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದೇ ಶಾಲೆಗೆ ಬಂದರು. ಜಗಳಕ್ಕೆ ಬಂದರೇನೋ ಎಂದು ಹೆದರಿ, "ಅದು ಬರೀ ಒಂದೂವರೆ ವೋಲ್ಟು, ಅಪಾಯ ಇಲ್ಲ" ಎಂದು ಪಾಠ ಒಪ್ಪಿಸಿದೆ.

"ಗೊತ್ತು ಬುಡಿ ಮೇಡಂ. ಬೋ ಚೆನ್ನಾಗ್ ಮಾಡವ್ಳೆ, ಮನೇಲೂ ತೋರಿಸ್ಬುಟ್ಲು," ಅಂದರು. ಆಮೇಲೆ ದನಿ ತಗ್ಗಿತು. "ಬೆಳಿಗ್ಗೆ ಗದ್ದೆ ತಾವ ಒದ್ದೆ ಕೈಲಿ ಮೋಟ್ರು ಸ್ಟಾರ್ಟ್ರು ಮುಟ್ಟಕ್ಕೋದ್ಲು. ಕೈ ಹಿಡ್ದು ಎಳ್ಕಂಡೆ. ಏನೂ ಆಗಲ್ಲ, ನಮ್ ಮಿಸ್ಸೇ ಹೇಳವ್ರೆ ಅಂದ್ಲು."

ಸರ್ಕ್ಯೂಟಿನ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ ಎಂದೆ.

"ಬಲ್ಬ್ ಉರಿಸ್ಲಿ ಮೇಡಂ, ನಾನು ಬ್ಯಾಡ ಅನ್ನಕಿಲ್ಲ," ಎಂದರು ಅವರು. "ಮೊದ್ಲು ಒಂದ್ ಭಯ ಇತ್ತಲ್ಲ ಅವ್ಳಿಗೆ, ಅದ ವಾಪಸ್ ಕೊಟ್ಬುಡಿ."