ಸೆರಗಿಲ್ಲದ ಟಾರ್ಚುಗಳು

ಸ್ಲೇಟ್ ಬ್ರ್ಯಾಂಚ್ ಕಣಿವೆಯಲ್ಲಿ ಯಾರು ಹೊಸ ಟಾರ್ಚು ಕೊಂಡರೂ ಜನ ಕೇಳುವ ಮೊದಲ ಮಾತು, "ಆರ್ವೆಲ್ ನೋಡಿದ್ನಾ?" ಎಂದು. ನೋಡಿಲ್ಲ ಎಂದರೆ ಮುಗಿಯಿತು, ಆ ಟಾರ್ಚಿಗೆ ಮರ್ಯಾದೆಯಿಲ್ಲ. ಡಬ್ಬಿಯ ಮೇಲೆ ಲಕ್ಷ ಲ್ಯೂಮೆನ್ ಬೆಳಕು ಎಂದಾದರೂ ಬರೆದಿರಲಿ, ಸೈನ್ಯದವರು ಹಿಡಿಯುವುದು ಇದನ್ನೇ ಎಂದಾದರೂ ಬರೆದಿರಲಿ, ನಮ್ಮಲ್ಲಿ ಅದು ಆರ್ವೆಲ್ ಸ್ಟಿಲ್ಟ್‌ನರ್ ಮನೆಯ ನೆಲಮಾಳಿಗೆಯಲ್ಲಿ ಪಾಸಾಗಬೇಕು.

ಆರ್ವೆಲ್‌ಗೆ ಈಗ ಎಪ್ಪತ್ತೊಂದು. ಕಲ್ಲಿದ್ದಲು ಗಣಿಯ ದೀಪದ ಮನೆಯಲ್ಲಿ ಮೂವತ್ತೆರಡು ವರ್ಷ ದುಡಿದವನು. ಪಾಳಿಗೆ ಇಳಿಯುವವರಿಗೆ ಚಾರ್ಜಾದ ತಲೆದೀಪ ಕೊಡುವುದು, ಮೇಲೆ ಬಂದ ಮೇಲೆ ವಾಪಸು ಪಡೆದು ಒಂದೊಂದನ್ನೂ ಗೋಡೆಗೆ ಹಿಡಿದು ನೋಡುವುದು, ಇಷ್ಟೇ ಕೆಲಸ. ಇಷ್ಟೇ ಎಂದೆನಲ್ಲ, ಅಷ್ಟು ವರ್ಷದಲ್ಲಿ ಆ ಗಣಿಯಲ್ಲಿ ದೀಪ ಕೈಕೊಟ್ಟು ಸತ್ತವನು ಒಬ್ಬನೂ ಇಲ್ಲ. ಇದನ್ನು ಆರ್ವೆಲ್ ತಾನಾಗಿ ಎಂದೂ ಹೇಳಿಕೊಂಡವನಲ್ಲ. ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದುದಂತೂ ನಿಜ. ಆಮೇಲೆ ಗಣಿ ಮುಚ್ಚಿತು, ಮೊಣಕಾಲು ಹೋಯಿತು, ಕಿವಿಯೂ ಅರ್ಧ ಹೋಯಿತು. ಉಳಿದದ್ದು ಕಣ್ಣು, ಆ ಕಣ್ಣಿನ ಮೇಲೆ ಊರಿಗಿದ್ದ ನಂಬಿಕೆ. ಅದೂ ಹೋದರೆ ಆರ್ವೆಲ್ ಎಂದರೆ ಲೊರೀನಳ ಗಂಡ, ಅಷ್ಟೇ.

ಅವನು ನೋಡುವ ರೀತಿಯೇ ಬೇರೆ. ಮೊದಲು ಬ್ಯಾಟರಿ ಕಿತ್ತು, ಲೊರೀನ್ ಹಿಟ್ಟು ತೂಗುವ ತಕ್ಕಡಿಯ ಮೇಲಿಡುತ್ತಾನೆ. ಹೊರಗೆ ದೊಡ್ಡ ದೊಡ್ಡ ಅಂಕಿ ಬರೆದು, ಒಳಗೆ ಪುಟ್ಟದೊಂದು ಬ್ಯಾಟರಿ ತುರುಕಿ, ಮಿಕ್ಕ ಜಾಗಕ್ಕೆ ಹಗುರ ಪುಡಿ ತುಂಬಿದ ಮಾಲು ಎಷ್ಟೋ ಬರುತ್ತದೆ. ತೂಕವೇ ಅವುಗಳ ಬಣ್ಣ ಬಯಲು ಮಾಡುತ್ತದೆ. ಅದರಲ್ಲಿ ಗೆದ್ದರೆ ಕಿಟಕಿಯಿಲ್ಲದ ನೆಲಮಾಳಿಗೆಗೆ ಇಳಿದು, ಜಿಂಕೆ ಮಾಂಸ ತುಂಬಿದ ದೊಡ್ಡ ಬಿಳಿ ಫ್ರೀಜರಿನಿಂದ ಹತ್ತಡಿ ದೂರ ಸ್ಟೂಲು ಹಾಕಿ ಕೂರುತ್ತಾನೆ. ಫ್ರೀಜರಿನ ಬಿಳಿ ಮೈಗೆ ಹಿಡಿದು ಟಾರ್ಚು ಹಚ್ಚಿ ಹತ್ತು ನಿಮಿಷ ಬಿಡುತ್ತಾನೆ. "ಮೊದಲ ನಿಮಿಷ ಎಲ್ಲಾ ಟಾರ್ಚೂ ಮದುಮಗನೇ ಕಣಯ್ಯ. ಬಿಸಿ ಏರ್ಲಿ, ಆಮೇಲೆ ನೋಡು ಮುಖ ಹೇಗೆ ಬಾಡತ್ತೆ" ಎನ್ನುತ್ತಾನೆ.

ಕೊನೆಯದು ಸೆರಗು. ನಡುವಿನ ಉರಿಯುವ ಚುಕ್ಕೆಯ ಸುತ್ತ ಮಂದವಾಗಿ ಹರಡಿರುವ ಬೆಳಕಿಗೆ ದೀಪದ ಮನೆಯವರು ಇಟ್ಟ ಹೆಸರು ಅದು. "ನಡುವೆ ಬೆಳ್ಳಗೆ ಮಾಡೋದು ಯಾರಿಗೂ ಬರತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ. ನಡುವಿನ ಬೆಳಕು ಮಾಡೋ ಕೆಲಸ ತೋರ್ಸತ್ತೆ, ಪಕ್ಕದಲ್ಲಿ ಬೀಳೋ ಬಂಡೆ ತೋರ್ಸೋದು ಸೆರಗು" ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ.

ಒಂದೂವರೆ ವರ್ಷದಿಂದ ಈಚೆಗೆ ಟಾರ್ಚುಗಳ ಸೆರಗು ಕಾಣೆಯಾಗತೊಡಗಿತ್ತು. ಯಾವುದು ಹಚ್ಚಿದರೂ ನಡುವೆ ಒಂದು ಬಿಳಿ ತಟ್ಟೆ, ಸುತ್ತ ಕತ್ತಲೆ. ಕಂಪನಿಗಳೆಲ್ಲ ಸೇರಿ ಮೋಸಕ್ಕಿಳಿದಿವೆ ಎಂದು ಆರ್ವೆಲ್ ಕೂಗಾಡಿದ. ರಾತ್ರಿ ಹೊತ್ತು ರಕೂನ್ ಎಂಬ ಕಾಡುಪ್ರಾಣಿಯ ಬೇಟೆಗೆ ಹೋಗುವ ಹೋಬರ್ಟ್ ಜಸ್ಟಸ್ ತನ್ನ ಮಗಳು ಕೊಟ್ಟ ತಲೆದೀಪ ತಂದಾಗ, "ಇದನ್ನ ಹೊಳೆಗೆ ಎಸಿ" ಎಂದ. ಹೋಬರ್ಟ್ ಮನೆಗೆ ಹೋಗುವ ದಾರಿಯಲ್ಲೇ ಸೇತುವೆಯ ಮೇಲೆ ನಿಂತು ಎಸೆದೂಬಿಟ್ಟ. ಅದೇ ವರ್ಷ ಆರ್ವೆಲ್ ಬಾಗಿಲ ಚೌಕಟ್ಟಿಗೆ ಮೂರು ಸಲ ಭುಜ ಹೊಡೆದುಕೊಂಡ. ತನ್ನದೇ ಮನೆ ಮುಂದಿನ ಅಂಚೆ ಡಬ್ಬಿಗೆ ಗಾಡಿ ಗುದ್ದಿ, ಯಾವ ಕತ್ತೆ ಇದನ್ನು ರಸ್ತೆಗೆ ಇಷ್ಟು ಹತ್ತಿರ ನೆಟ್ಟದ್ದು ಎಂದು ಬೈದ. ನೆಟ್ಟವನು ಅವನೇ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದು ಲೊರೀನ್ ಆಡಿಕೊಂಡಳು. ಆಡಿಕೊಂಡಳೇ ಹೊರತು ಅವಳಿಗೂ ಆಗ ಏನೂ ಹೊಳೆಯಲಿಲ್ಲ, ಪಾಪ.

ಏಪ್ರಿಲ್ ಮೊದಲ ಸೋಮವಾರ ಡ್ರೀಮಾ ಕ್ಯಾಂಟ್ರೆಲ್ ಬಂದಳು. ನಮ್ಮ ಕಣಿವೆಯಲ್ಲಿ ಬೆಂಕಿ ಬಿದ್ದರೆ, ಹೊಳೆ ಉಕ್ಕಿದರೆ ಓಡುವವರು ಸಂಬಳವಿಲ್ಲದ ಊರಿನವರೇ. ಆ ತಂಡಕ್ಕೆ ಡ್ರೀಮಾ ನಾಯಕಿ. ಎರಡು ವರ್ಷದ ಹಿಂದೆ ಡಬ್ಬಿಯ ಮೇಲಿನ ಮಾತು ನಂಬಿ ಎರಡು ಡಜನ್ ಅಗ್ಗದ ಟಾರ್ಚು ತರಿಸಿದ್ದರು. ಪ್ರವಾಹದ ದಿನ ಕಾಲುಗಂಟೆಗೇ ಅವೆಲ್ಲ ಕಣ್ಣುಮುಚ್ಚಿದವು. ಕತ್ತಲೆ ಸುರಂಗದಂಥ ಮೋರಿಯೊಂದರಲ್ಲಿ ಇಬ್ಬರು ಸಿಕ್ಕಿಕೊಂಡು, ಹೇಗೋ ತಡವರಿಸಿಕೊಂಡು ಬದುಕಿ ಬಂದರು. ಅಂದಿನಿಂದ ತಂಡದ ಸಮಿತಿ ಒಂದು ನಿಯಮ ಮಾಡಿತ್ತು: ಆರ್ವೆಲ್ ಸ್ಟಿಲ್ಟ್‌ನರ್ ನೋಡಿ ಸಹಿ ಹಾಕದೆ ಒಂದು ಟಾರ್ಚನ್ನೂ ಕೊಳ್ಳಬಾರದು.

"ಮೂರು ತಂದಿದೀನಿ ಮಾವ. ಮೂರೂ ಅಗ್ಗದವೇ, ನಮ್ಮ ಯೋಗ್ಯತೆಗೆ ಅಷ್ಟೇ" ಎಂದಳು ಡ್ರೀಮಾ. "ಯಾವುದು ಅಂತ ನೀವೇ ಹೇಳ್ಬೇಕು. ಶುಕ್ರವಾರದೊಳಗೆ ದುಡ್ಡು ಕೊಡೋರಿಗೆ ಪಟ್ಟಿ ಕಳಿಸ್ಲಿಲ್ಲ ಅಂದ್ರೆ ಈ ಮಳೆಗಾಲಕ್ಕೂ ಬರಿಗೈಯೇ."

"ಶುಕ್ರವಾರ ಯಾಕೆ, ನಾಳೆ ಮಧ್ಯಾಹ್ನಕ್ಕೇ ಹೇಳ್ತೀನಿ, ಹೋಗು" ಎಂದ ಆರ್ವೆಲ್. ಎದೆ ಸ್ವಲ್ಪ ಉಬ್ಬಿತ್ತು.

ಮಂಗಳವಾರ ಬೀನ್ಸು, ಜೋಳದ ರೊಟ್ಟಿ ಉಂಡು ನೆಲಮಾಳಿಗೆಗಿಳಿದ. ತೂಕದಲ್ಲಿ ಮೂರೂ ಗೆದ್ದಿದ್ದವು. ಮೊದಲನೆಯದಕ್ಕೆ ಸೆರಗಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಹಚ್ಚಿ, "ದರಿದ್ರ ನನ್ಮಕ್ಕಳು, ಇದಕ್ಕೂ ಸೆರಗಿಲ್ಲ!" ಎಂದು ಕೂಗಿದ.

ಬಟ್ಟೆ ಒಗೆಯುವ ಮೆಷಿನ್ನಿನ ಹತ್ತಿರವಿದ್ದ ಲೊರೀನ್ ತಿರುಗಿ ನೋಡಿದಳು. "ಏನು ಇಲ್ಲ ಅಂತೀಯ ಮಾರಾಯ? ಮೂಲೆಯ ಜೇಡನ ಬಲೆ ಕೂಡ ಕಾಣ್ತಿದೆ."

"ನಿನಗೇನು ಗೊತ್ತು ಸುಮ್ನಿರೇ. ಮೂವತ್ತೆರಡು ವರ್ಷ ದೀಪ ನೋಡಿದ್ದು ನಾನೋ ನೀನೋ?"

"ನೋಡಿದ್ದೆಲ್ಲ ಆಯ್ತು, ಈಗ ನೋಡು" ಎಂದು ಅವಳು ಹೋಗಿ ಫ್ರೀಜರಿನ ಮುಂದೆ ನಿಂತಳು. ಕೈಯಲ್ಲಿ ಒದ್ದೆ ಟವೆಲು. "ಕಾಣ್ತೀನಾ?"

"ಕಾಣದೆ ಏನು, ಎಮ್ಮೆ ಥರ ನಿಂತಿದೀಯ."

ಲೊರೀನ್ ಎಡಕ್ಕೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಆರ್ವೆಲ್ ಚುಕ್ಕೆಯ ಮೇಲಿನ ದೃಷ್ಟಿ ಕದಲಿಸದೆ ಕೂತಿದ್ದ, ಸೆರಗು ನೋಡುವ ಪದ್ಧತಿಯೇ ಹಾಗೆ.

"ಎಲ್ಲಿ ಹೋದೆ?" ಎಂದ.

"ಎಲ್ಲಿಗೂ ಹೋಗಿಲ್ಲ. ಇಲ್ಲೇ ಇದೀನಿ."

"ಆಟ ಆಡ್ಬೇಡ. ಮೆಟ್ಟಿಲ ಹತ್ರ ಹೋದ್ಯಾ?"

"ಆರ್ವೆಲ್, ಬೆಳಕಲ್ಲೇ ನಿಂತಿದೀನಿ ಕಣೋ. ಟವೆಲು ಬೀಸ್ತಾ ಇದೀನಿ." ಅವಳು ಟವೆಲನ್ನು ಇನ್ನೂ ಮೇಲಕ್ಕೆತ್ತಿದಳು. "ದೇವರೇ, ಟವೆಲು ಬೀಸ್ತಾ ಇದೀನಿ."

ಅವನು ಕತ್ತು ತಿರುಗಿಸಿದ. ಹೆಂಡತಿ ಫ್ರೀಜರಿನಿಂದ ಎರಡೇ ಹೆಜ್ಜೆ ದೂರದಲ್ಲಿದ್ದಳು, ಮುಖದ ಮೇಲೆ ಬೆಳಕಿತ್ತು, ಟವೆಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮತ್ತೆ ಚುಕ್ಕೆಯನ್ನು ನೋಡಿದ. ಅವಳು ಇಲ್ಲವಾದಳು. ಮೂರು ಸಲ ಹಾಗೆ ಮಾಡಿ ನೋಡಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಟಾರ್ಚುಗಳನ್ನು ಜನ್ಮವಿಡೀ ಪ್ರಮಾಣಿಸಿದವನು ತನ್ನ ಕಣ್ಣನ್ನು ಒಮ್ಮೆಯೂ ಪ್ರಮಾಣಿಸಿರಲಿಲ್ಲ. ಟಾರ್ಚನ್ನು ಹಚ್ಚಿದಂತೆಯೇ ನೆಲಕ್ಕಿಟ್ಟ.

ಲೊರೀನಳ ಚರ್ಚಿನ ಗೆಳತಿ ಪೇಟೆಯ ಕಣ್ಣಿನ ಡಾಕ್ಟರ ಬಳಿ ಕೆಲಸಕ್ಕಿದ್ದುದರಿಂದ ಗುರುವಾರಕ್ಕೇ ಸಮಯ ಸಿಕ್ಕಿತು. ಡಾಕ್ಟರು ಹುಡುಗಿ, ಮೆದು ಮಾತಿನವಳು. ಏನೇನೋ ಯಂತ್ರಕ್ಕೆ ಗಲ್ಲ ಇಡಿಸಿ ನೋಡಿದಳು. ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗುತ್ತಾ ಬಂದಿದೆ, ನೋವಿಲ್ಲದೆ ಅಂಚಿನಿಂದ ತಿನ್ನುವ ಕಾಯಿಲೆ ಇದು ಎಂದಳು.

"ಯಾವಾಗಿಂದ ಹೀಗಾಗ್ತಿದೆ ಅನ್ನಿಸ್ತು ನಿಮಗೆ?"

"ಒಂದೂವರೆ ವರ್ಷದಿಂದ" ಎಂದ ಆರ್ವೆಲ್. "ಕಂಪನಿಯೋರು ಮೋಸ ಮಾಡೋಕೆ ಶುರು ಮಾಡಿದಾಗಿನಿಂದ."

ಡಾಕ್ಟರು ನಗಲಿಲ್ಲ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ದಿನಾ ಹನಿ ಹಾಕಬೇಕು, ಗಾಡಿ ಓಡಿಸುವುದು ಇವತ್ತಿಗೇ ನಿಲ್ಲಬೇಕು ಎಂದಳು. ವಾಪಸು ಬರುವಾಗ ಲೊರೀನ್ ಗಾಡಿ ಓಡಿಸಿದಳು. ಆರ್ವೆಲ್ ಪಕ್ಕದಲ್ಲಿ ಕೂತು, ತಾನು ಬೇಡ ಎಂದ ಟಾರ್ಚುಗಳನ್ನೆಲ್ಲ ಬೆರಳು ಮಡಿಸಿ ಎಣಿಸಿದ. ಹನ್ನೊಂದು. ಒಂದರಲ್ಲೂ ತಪ್ಪಿರಲಿಲ್ಲವೇನೋ.

ಮನೆಗೆ ಬಂದವನೇ ಹೋಬರ್ಟ್‌ಗೆ ಫೋನು ಮಾಡಿದ. "ನಿನ್ನ ಮಗಳು ಕೊಟ್ಟ ದೀಪ ಚೆನ್ನಾಗೇ ಇತ್ತು ಕಣೋ. ನನ್ನ ಕಣ್ಣೇ ಕೆಟ್ಟಿತ್ತು."

ಹೋಬರ್ಟ್ ಬಿದ್ದು ಬಿದ್ದು ನಕ್ಕ. "ಬಿಡಣ್ಣ, ನನ್ನ ಮೇಲೆ ಕನಿಕರ ತೋರಿಸ್ಬೇಡ. ಅದು ಲಡಕಾಸಿ ಮಾಲು ಅಂತ ನೀನು ಹೇಳಿದ ಮೇಲೆ ನನಗೂ ಹಾಗೇ ಕಂಡಿತ್ತು!"

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಆರ್ವೆಲ್‌ಗೆ ಉಳಿದ ಹತ್ತು ಮಂದಿಗೆ ಫೋನು ಮಾಡುವ ಚೈತನ್ಯ ಉಳಿಯಲಿಲ್ಲ.

ಶುಕ್ರವಾರ ಡ್ರೀಮಾ ಬಂದಾಗ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಮೂರು ಟಾರ್ಚೂ ಮುಂದಿದ್ದವು. ವಿಷಯವನ್ನೆಲ್ಲ ಮುಚ್ಚಿಡದೆ ಹೇಳಿದ.

"ಹತ್ತು ನಿಮಿಷ ಉರಿಸಿ ನೋಡಿದೀನಿ, ಮೂರನೇದು ಮಾತ್ರ ಬಾಡಲ್ಲ. ಅಷ್ಟು ನಾನು ಹೇಳಬಲ್ಲೆ. ಸುತ್ತ ಬೆಳಕು ಹರಡತ್ತೆ ಅಂತ ಲೊರೀನ್ ಹೇಳ್ತಾಳೆ. ನನಗೆ ಕಾಣಲ್ಲಮ್ಮ" ಎಂದ. ಟಾರ್ಚನ್ನು ಅವಳ ಕಡೆ ತಳ್ಳಿದ. "ನನಗೆ ಕಾಣಲ್ಲ."

"ಲೊರೀನತ್ತೆ ಹೇಳಿದ್ದು ಸಾಕು ಮಾವ. ನಾನೂ ನೋಡ್ತೀನಿ" ಎಂದು ಡ್ರೀಮಾ ಟಾರ್ಚು ಹಿಡಿದು ಕೆಳಗಿಳಿದು ಹೋಗಿ ಬಂದಳು. "ಚೆನ್ನಾಗಿದೆ. ಇದನ್ನೇ ತಗೋತೀವಿ." ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ನೋಡಿ ಪರೀಕ್ಷಿಸಿದ್ದೇನೆ ಎಂಬ ಒಂದು ಸಾಲು, ಕೆಳಗೆ ಅವನ ಹೆಸರು.

ಆರ್ವೆಲ್ ಅದನ್ನು ಓದಿದ. ನಡುವಿನ ಅಕ್ಷರಗಳೆಲ್ಲ ಅವನಿಗೆ ಚೆನ್ನಾಗಿಯೇ ಕಾಣುತ್ತಿದ್ದವು.

"ಇದು ಸುಳ್ಳಲ್ಲವೇನೇ? ಡಬ್ಬಿ ಮೇಲೆ ಬರೆಯೋರಿಗೂ ನನಗೂ ಏನು ವ್ಯತ್ಯಾಸ?" ಎಂದ. "ನಾನು ನೋಡದೇ ಇದ್ದದ್ದಕ್ಕೆ ನನ್ನ ಹೆಸರು ಹಾಕ್ಬೇಡ. ಕಾಲಿಗೆ ಬೀಳ್ತೀನಿ."

"ಅಯ್ಯೋ, ಹಾಗನ್ಬೇಡಿ ಮಾವ." ಡ್ರೀಮಾಳ ಕಣ್ಣು ತುಂಬಿತ್ತು. "ಮಂಗಳವಾರ ನಿಮ್ಮಿಂದ ಸುದ್ದಿ ಬರ್ಲಿಲ್ಲ ಅಂತ ಇವತ್ತು ಬೆಳಿಗ್ಗೆಯೇ ಸಮಿತಿಯೋರ ಹತ್ರ ಹೋಗಿ, ಈ ಸಲ ನಾವೇ ನೋಡಿ ತಗೊಳೋಣ ಅಂದೆ. ಆರ್ವೆಲ್ ಸಹಿ ಇಲ್ಲದೆ ಆಗಲ್ಲ ಅಂದ್ರು, ಮತ್ತೆ ಮೋರಿಯಲ್ಲಿ ಸಿಕ್ಕಿಕೊಳ್ಳೋರು ನಾವು ಅಂದ್ರು. ಐದು ಗಂಟೆಗೆ ಪಟ್ಟಿ ಹೋಗ್ಬೇಕು. ವಾರದಿಂದ ಹೊಳೆ ಏರ್ತಾ ಇದೆ. ನಾನೇನು ಮಾಡ್ಲಿ, ನೀವೇ ಹೇಳಿ."

ಲೊರೀನ್ ಸಿಂಕಿನ ಕಡೆ ಮುಖ ಮಾಡಿ, ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು. ಆರ್ವೆಲ್ ಟಾರ್ಚನ್ನು ಕೈಗೆತ್ತಿಕೊಂಡು ಎದುರಿನ ಗೋಡೆಗೆ ಹಚ್ಚಿದ. ತುಂಬಾ ಹೊತ್ತು ನೋಡಿದ. ಆರಿಸಿ ಕೆಳಗಿಟ್ಟ.

"ನಿಜ ಹೇಳು. ಪಕ್ಕದವರೆಗೂ ಬರತ್ತಾ ಬೆಳಕು?"

"ಬರತ್ತೆ ಮಾವ."

"ಕಿಟಕಿವರೆಗೂ?"

"ಅದಕ್ಕಿಂತ ಆಚೆಗೂ."

ಜನ್ಮದಲ್ಲಿ ಯಾರ ಬಾಯಿಮಾತನ್ನೂ ನಂಬಿ ಒಂದು ದೀಪವನ್ನೂ ಕೈದಾಟಿಸದ ಆರ್ವೆಲ್ ಸ್ಟಿಲ್ಟ್‌ನರ್, ಡ್ರೀಮಾ ಕೊಟ್ಟ ಪೆನ್ನು ತೆಗೆದುಕೊಂಡು ಸಹಿ ಹಾಕಿದ.