ಹೂನೊಣದ ಕಣ್ಣು, ನನ್ನ ಕನ್ನಡ

ಗೆಳೆಯರೇ, ಇವತ್ತು ಬೀದರ ಹತ್ತಿರದ ಅಷ್ಟೂರಿನ ಚೆಂಡುಹೂವಿನ ಹೊಲದಲ್ಲಿ ನಮ್ಮ ಕಾಲೇಜಿನ ಮಕ್ಕಳಿಗೆ ಜೇನುನೊಣದಂತೆ ಕಾಣುವ ಎರಡು ಹೂನೊಣಗಳನ್ನು ತೋರಿಸುತ್ತಿದ್ದೆ. “ನೋಡ್ಲಾಕ ಒಂದೇ ನಮೂನಿ ಅವ. ಆದ್ರ ಇದರ ಕಣ್ಣಾಗ ಚುಕ್ಕಿ ಅವ, ಅದರ ಕಣ್ಣಾಗ ಪಟ್ಟಿ. ಪ್ರಭೇದ ಬ್ಯಾರೆ ಬ್ಯಾರೆ” ಅಂದೆ.

ಬೆಂಗಳೂರಿನಿಂದ ಬಂದಿದ್ದ ಕೀಟತಜ್ಞರು ಮುಗುಳ್ನಕ್ಕು, “ಮೇಡಂ ಮರಾಠಿಯಲ್ಲಿ ಹೇಳಿದ್ದನ್ನ ನಾನು ಕನ್ನಡದಲ್ಲಿ ಹೇಳ್ತೀನಿ” ಎಂದರು.

“ಮೇಡಂ ಹೇಳಿದ್ದೂ ಕನ್ನಡಾನೇ ಅದರಿ ಸರ್” ಅಂದಳು ಭಾಲ್ಕಿಯ ವಿದ್ಯಾರ್ಥಿನಿ.

“ಹೌದಾ? ಗೊತ್ತಾಗ್ಲೇ ಇಲ್ಲ.”

ನಮ್ಮ ಪ್ರಾಂಶುಪಾಲರು ನನ್ನ ಪಕ್ಕಕ್ಕೆ ಬಂದು, “ಮಧ್ಯಾಹ್ನದ ಪಾಠ ಸರೇ ಮಾಡ್ಲಿ ಬಿಡ್ರಿ ಮೇಡಂ, ಶುದ್ಧ ಇರ್ತದ” ಎಂದರು. ವಾರವಿಡೀ ನಾನು ತಯಾರಿ ಮಾಡಿಕೊಂಡಿದ್ದ ಪಾಠ ಅದು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಟ್ಟಿದ ನನ್ನ ಅವ್ವನ ತಲೆ ಪೂರ್ತಿ ನರೆತಿದೆ. ಸೇರಿದ ಸುದ್ದಿ ಬೆಂಗಳೂರಿಗೆ ಇನ್ನೂ ಮುಟ್ಟಿಲ್ಲ. ನಮ್ಮ ಪ್ರಾಂಶುಪಾಲರಿಗೂ.