ಅಕ್ಕನ ಮಾತ್ರೆ, ನನ್ನ ಸಾಕ್ಷಿ

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಅದು ಸುಗುಣಕ್ಕನ ಅಂಗೈಯ ವಾಸನೆ. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅಕ್ಕನೇ. ಚಿಕ್ಕಂದಿನಲ್ಲಿ ನನಗೆ ಉಬ್ಬಸ. ಕೀಲ್ಪಾಕ್ ಬಡಾವಣೆಯ ನಮ್ಮ ಹೆಂಚಿನ ಮನೆಯಲ್ಲಿ ಅವಳು ನನ್ನ ಎದೆಗೆ, ಆಮೇಲೆ ಮಗ್ಗುಲು ತಿರುಗಿಸಿ ಬೆನ್ನಿಗೆ ಆ ಎಣ್ಣೆ ತಿಕ್ಕುತ್ತ, "ಯೇಸಪ್ಪಾ, ಈ ಮಗೂಗೆ ಉಸಿರು ಕೊಡು" ಎಂದು ಪ್ರಾರ್ಥಿಸುತ್ತಿದ್ದಳು. ಆಮೆನ್ ಅಂದ ಮೇಲೂ ಕೈ ನಿಲ್ಲುತ್ತಿರಲಿಲ್ಲ. ಬೆಳಗಾದರೆ ಡಾಕ್ಟರ ಬಳಿಗೂ ಎತ್ತಿಕೊಂಡು ಹೋಗುತ್ತಿದ್ದಳು. "ಮೈ ಬೇರೆ, ಮನಸ್ಸು ಬೇರೆ, ಆತ್ಮ ಬೇರೆ ಅಂತ ದೇವರು ಮೂರು ಪೊಟ್ಟಣ ಕಟ್ಟಿ ಕೊಟ್ಟಿಲ್ಲ ಕಣೋ" ಅನ್ನುತ್ತಿದ್ದಳು.

ನಾವಿಬ್ಬರೂ ಮದುವೆಯಾಗಲಿಲ್ಲ. ನಾನು ಅದೇ ಊರಿನ ಗಿಂಡಿ ಬಡಾವಣೆಯ ಒಂದು ಕಾರ್ಖಾನೆಗೆ ಸೇರಿದೆ. ಅಕ್ಕ ಅದೇ ಮನೆಯಲ್ಲಿ, ಅದೇ ಎಣ್ಣೆಯ ಬಟ್ಟಲಿನ ಜೊತೆ ಮುದುಕಿಯಾದಳು. ಸಂಜೆಯಾದರೆ ಪಕ್ಕದ ಮನೆಯ ರಂಗನಾಯಕಿ ಮಾಮಿ ಮಂಡಿ ಹಿಡಿದುಕೊಂಡು ಬರುತ್ತಿದ್ದರು.

"ಏಂಡೀ ಸುಗುಣಾ, ನಿನ್ನ ಯೇಸು ಅಯ್ಯಂಗಾರ್ ಮಂಡೀನೂ ನೋಡ್ತಾನಾ?"

"ನಿಮ್ಮ ಪೆರುಮಾಳ್‌ಗೂ ಒಂದು ಮಾತು ಹೇಳಿಡಿ ಮಾಮಿ. ನಾಳೆ ಡಾಕ್ಟರ್ ಹತ್ರಾನೂ ಹೋಗ್ಬನ್ನಿ. ಮೂರು ಜನಾನೂ ಸೇರಿ ನೋಡ್ಕೊಳ್ಳಲಿ."

ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಊಟಕ್ಕೆ ಮುಂಚೆ ಮಾಡುವ ಹಾಗೆಯೇ ಕಣ್ಣು ಮುಚ್ಚಿ ಸ್ತೋತ್ರ ಹೇಳಿ ನುಂಗುತ್ತಿದ್ದಳು. ಪ್ರಾರ್ಥಿಸಿದ ಮೇಲೂ ಮಾತ್ರೆ ಬೇಕೆನ್ನುವುದು ನನಗೆ ಅಪನಂಬಿಕೆಯಂತೆ ಕಾಣತೊಡಗಿತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾರ್ಖಾನೆಯ ಹತ್ತಿರದ ಒಂದು ಸಣ್ಣ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೆ. ಅಲ್ಲಿ ಗುಣವಾದವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಎಲ್ಲರ ಮನೆಯಲ್ಲೂ ಏನಾದರೊಂದು ಅದ್ಭುತ ನಡೆದಿರುತ್ತಿತ್ತು; ನಮ್ಮ ಮನೆಯಲ್ಲಿ ಮಾತ್ರ ಎಣ್ಣೆ, ಗಂಜಿ, ಮಾತ್ರೆ. ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಹೋದೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುಂದಿನ ವಾರ ಯಾವ ಪರೀಕ್ಷೆಯನ್ನೂ ಮಾಡಿಸದೆ, ಅವಳನ್ನೊಂದು ಮಾತೂ ಕೇಳದೆ, ನಾನು ಎದ್ದು ನಿಂತೆ. "ನನ್ನಕ್ಕನ ಸಕ್ಕರೆ ಕಾಯಿಲೆಯನ್ನು ಕರ್ತರು ತೆಗೆದುಹಾಕಿದರು" ಎಂದೆ. ಹಲ್ಲೆಲೂಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಿಂದ ಅಕ್ಕ ನನ್ನನ್ನೇ ನೋಡಿದಳು.

ಮರುದಿನ ಮಾತ್ರೆಯ ಪಟ್ಟಿ ಕಿಟಕಿಯಲ್ಲಿ ಹಾಗೇ ಇತ್ತು.

"ಯಾಕಕ್ಕ, ತಗೊಳ್ಳಲಿಲ್ವಾ?"

"ಅಷ್ಟು ಜನದ ಮುಂದೆ ಹೇಳ್ಬಿಟ್ಟೆಯಲ್ಲಪ್ಪಾ. ಇನ್ನು ನಾನು ನುಂಗಿದ್ರೆ ನೀನು ದೇವರ ಮನೇಲಿ ಸುಳ್ಳು ಹೇಳ್ದಂಗಾಗುತ್ತೆ."

ಆಗ ನಾನು, ನುಂಗಕ್ಕ, ಸುಳ್ಳುಗಾರ ನಾನೇ ಆಗುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಅದ್ಭುತ ನಡೆದ ಮನೆಯವನೆಂದು ಕೂಟದಲ್ಲಿ ನನಗೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು.

ಮಳೆಗಾಲದ ಹೊತ್ತಿಗೆ ಅವಳ ಕಾಲಿನಲ್ಲೊಂದು ಹುಣ್ಣಾಯಿತು. ನೋವು ಗೊತ್ತಾಗುತ್ತಿರಲಿಲ್ಲವಂತೆ, ಸೀರೆ ಇಳಿಬಿಟ್ಟು ಮುಚ್ಚಿಕೊಂಡಿದ್ದಳು. ಕಂಡವರು ಮಾಮಿ. "ಕಣ್ಣಿಲ್ವಾ ನಿನಗೆ?" ಎಂದು ನನ್ನನ್ನು ಬೈದು, ತಾವೇ ಆಟೋ ಕರೆಸಿ ಆಸ್ಪತ್ರೆಗೆ ಸೇರಿಸಿದರು. ಅಷ್ಟರಲ್ಲಿ ನಂಜು ಏರಿತ್ತು. ಅಲ್ಲಿ ಅಕ್ಕ, "ಆ ಕಾಲಿಗೆ ಬ್ಯಾಂಡೇಜು. ಈ ಕಾಲಿಗಾದ್ರೂ ಎಣ್ಣೆ ತಿಕ್ಕೋ" ಎಂದಳು. ನಾನು ತಂದಿರಲಿಲ್ಲ. ಮಾರನೆಯ ದಿನ ಎಣ್ಣೆ ತೆಗೆದುಕೊಂಡು ಹೋದೆ, ಆಗ ಅವಳು ಬದುಕಿರಲಿಲ್ಲ.

ಆ ಹೆಂಚಿನ ಮನೆ ಇರುವಲ್ಲಿ ಈಗ ಫ್ಲಾಟುಗಳಿವೆ. ಮಾಮಿಯೂ ಹೋದರು. ನನಗೂ ಸಕ್ಕರೆ ಬಂದಿದೆ. ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತೇನೆ. ಮೊದಲು ಬಾಯಿಗೆ ಬರುವುದು ಅವಳ ಹೆಸರು, ಆಮೇಲೆ ಕ್ಷಮಿಸು ಎಂಬ ಮಾತು. ಚಳಿಗಾಲದಲ್ಲಿ ಹಳೆಯ ಉಬ್ಬಸ ಮರಳುತ್ತದೆ. ಎಣ್ಣೆ ಬಿಸಿ ಮಾಡಿಕೊಳ್ಳುತ್ತೇನೆ. ಎದೆಗೆ ನನ್ನ ಕೈಯೇ ಸಾಕು. ಬೆನ್ನಿಗೆ ಎಟಕುವುದಿಲ್ಲ.